ಒಬ್ಬನೇ ಒಂದು ಮೇಳ

ಮೇಳವೆಂಬ ಮಾತು ಸಂಸ್ಕೃತದ ‘ಮಿಲ್’ ಧಾತುವಿನಿಂದ ಬಂದುದು. ಕೂಡುವುದು, ಸಂಧಿಸುವುದು ಎಂಬುದೇ ಅದರ ಮೂಲಾರ್ಥ. ಓಲಗದ ಮೇಳವೆಂದರೆ ನಾಗಸ್ವರದವನೊಬ್ಬ, ಡೋಲಿನವನೊಬ್ಬ, ಶ್ರುತಿ ಹಿಡಿಯುವವನೊಬ್ಬ, ತಾಳ ಹಾಕುವವನೊಬ್ಬ, ಹೀಗೆ ನಾಲ್ಕು ಜನರಾದರೂ ನಮ್ಮ ಕಣ್ಣ ಮುಂದೆ ನಿಲ್ಲುತ್ತಾರೆ. ಹೀಗಿರಲು ‘ಒಬ್ಬನ ಮೇಳ’ವೆಂದರೆ, ಒಬ್ಬನೇ ನೆರೆದ ಸಂತೆ ಎಂದಂತೆ, ಕೇಳಿದವರಿಗೆ ನಗೆ ಬಂದೀತು. ಆದರೂ ಅಂಥ ಮೇಳವು ಲೋಕದಲ್ಲಿ ಉಂಟು. ಅದು ಇಂದು ನಿನ್ನೆಯದಲ್ಲ, ಒಂದೇ ದೇಶದ್ದೂ ಅಲ್ಲ. ಬಾಯಲ್ಲಿ ಹಾಡು, ಕೈಯಲ್ಲಿ ತಂತಿ, ಬೆನ್ನ ಮೇಲೆ ನಗಾರಿ, ಕಾಲಲ್ಲಿ ಗೆಜ್ಜೆ, ಹೀಗೆ ತನ್ನ ಒಂದೇ ದೇಹವನ್ನು ನಾಲ್ಕೈದು ಜನರ ಕೆಲಸಕ್ಕೆ ಹಂಚಿಕೊಟ್ಟು, ಬೀದಿಯ ಮೂಲೆಯಲ್ಲೋ ಸಭೆಯ ನಡುವೆಯೋ ನಿಂತು ಹಾಡುವವರನ್ನು ಇಂಗ್ಲಿಷರು ‘ಒನ್ ಮ್ಯಾನ್ ಬ್ಯಾಂಡ್’ ಎಂದು ಕರೆಯುತ್ತಾರೆ. ಈ ತಿಂಗಳು ಅವರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಇದು ಬರಿಯ ವಿನೋದದ ವಿಷಯವೆಂದು ಓದುಗರು ತಿಳಿಯಬಾರದು. ಎಲ್ಲವನ್ನೂ ಒಬ್ಬನೇ ಮಾಡುವವನನ್ನು ಕಂಡಾಗ ನಮಗೆ ಮೊದಲು ಹುಟ್ಟುವುದು ಬೆರಗು; ಆ ಬೆರಗು ತೀರಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ಅವನು ಏತಕ್ಕಾಗಿ ಒಬ್ಬನೇ ಮಾಡುತ್ತಿದ್ದಾನೆ? ಈ ಪ್ರಶ್ನೆಯು ಬೀದಿಯ ಮೂಲೆಯಲ್ಲಿಯೇ ನಿಲ್ಲದೆ ನಮ್ಮ ನಮ್ಮ ಮನೆಯ ಒಳಕ್ಕೂ ಬರುವಂಥದು. ಅದಕ್ಕೆ ಕಡೆಯಲ್ಲಿ ಬರೋಣ. ಮೊದಲು ಈ ವಿದ್ಯೆಯ ಸ್ವರೂಪವನ್ನು ನೋಡೋಣ.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಗಾಯಕರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಒಂಟಿಯಾಗಿ ಹಾಡುವವನು ಏಕಲ. ಇನ್ನೊಬ್ಬನ ಜೊತೆಯಲ್ಲಿ ಹಾಡುವವನು ಯಮಲ. ಗುಂಪಿನೊಡನೆ ಹಾಡುವವನು ವೃಂದಗಾಯನ. ಉತ್ತಮವಾದ ವೃಂದಕ್ಕೆ ಎಷ್ಟು ಜನರು ಬೇಕೆಂಬುದಕ್ಕೂ ಅವನು ಲೆಕ್ಕವನ್ನು ಕೊಡುತ್ತಾನೆ: ಮುಖ್ಯ ಗಾಯಕರು ೪, ಅವರನ್ನು ಅನುಸರಿಸುವವರು ೮, ಗಾಯನಿಯರು ೧೨, ಕೊಳಲಿನವರು ೪, ಮೃದಂಗದವರು ೪, ಒಟ್ಟು ೩೨ ಮಂದಿ. ಅಷ್ಟು ಜನರಿಗೆ ಅನ್ನವಸ್ತ್ರಗಳನ್ನು ಕೊಡುವುದು ರಾಜರಿಗೆ ಮಾತ್ರ ಸಾಧ್ಯ. ರಾಜಾಶ್ರಯವಿಲ್ಲದ ಬಡ ಗಾಯಕನು ಏಕಲನಾಗಿಯೇ ಇರಬೇಕಾಯಿತು. ಆದರೆ ಬರಿಯ ಕಂಠವೊಂದರಿಂದಲೇ ಸಂತೆಯ ಗದ್ದಲದಲ್ಲಿ ಜನರನ್ನು ನಿಲ್ಲಿಸುವುದು ಕಷ್ಟ. ಆದಕಾರಣ ಅವನು ವೃಂದದಲ್ಲಿ ಇರಬೇಕಾಗಿದ್ದವರನ್ನೆಲ್ಲ ತನ್ನ ಮೈಮೇಲೆಯೇ ಕಟ್ಟಿಕೊಂಡನು.

ಕಟ್ಟಿಕೊಳ್ಳುವುದರಲ್ಲಿಯೂ ಒಂದು ಕ್ರಮವುಂಟು. ಭರತಮುನಿಯು ‘ನಾಟ್ಯಶಾಸ್ತ್ರ’ದಲ್ಲಿ ವಾದ್ಯಗಳನ್ನು ನಾಲ್ಕಾಗಿ ಹೇಳಿದ್ದಾನೆ: ವೀಣೆಯಂತೆ ತಂತಿಯುಳ್ಳ ತತ, ಮೃದಂಗದಂತೆ ಚರ್ಮ ಬಿಗಿದ ಅವನದ್ಧ, ತಾಳದಂತೆ ಗಟ್ಟಿ ಲೋಹದ ಘನ, ಕೊಳಲಿನಂತೆ ಗಾಳಿಯಿಂದ ನುಡಿಯುವ ಸುಷಿರ. ಮನುಷ್ಯನಿಗೆ ಇರುವ ಕೆಲಸಗಾರರಾದರೋ ಐವರು: ಕೈಗಳೆರಡು, ಕಾಲುಗಳೆರಡು, ಬಾಯಿಯೊಂದು. ಈ ನಾಲ್ಕು ಬಗೆಯ ವಾದ್ಯಗಳನ್ನೂ ಹಾಡನ್ನೂ ಆ ಐವರಿಗೆ ಹೇಗೆ ಹಂಚಬೇಕೆಂಬುದೇ ಒಬ್ಬನ ಮೇಳದ ಮೊದಲ ಸಮಸ್ಯೆ. ಇದರಲ್ಲಿ ಒಂದು ತೊಡಕು ಕೂಡಲೆ ಕಾಣುತ್ತದೆ. ಬಾಯಿ ಒಂದೇ, ಅದು ಹಾಡಬೇಕೆ, ಊದಬೇಕೆ? ಎರಡನ್ನೂ ಏಕಕಾಲದಲ್ಲಿ ಮಾಡಲಾಗದು. ಈ ಪ್ರಶ್ನೆಗೆ ನಮ್ಮ ದೇಶದವರು ಒಂದು ಉತ್ತರವನ್ನೂ ಯುರೋಪಿನವರು ಇನ್ನೊಂದು ಉತ್ತರವನ್ನೂ ಕೊಟ್ಟುಕೊಂಡರು.

ನಮ್ಮವರಿಗೆ ಸಾಹಿತ್ಯವೇ ಪ್ರಾಣ. ಪದವನ್ನು ಬಿಟ್ಟು ಊದುವುದು ಅವರಿಗೆ ಒಪ್ಪಲಿಲ್ಲ. ಬಾಯನ್ನು ಹಾಡಿಗೆ ಮೀಸಲಾಗಿಟ್ಟು, ಮಿಕ್ಕ ನಾಲ್ಕು ಅಂಗಗಳಿಗೆ ಮಿಕ್ಕ ವಾದ್ಯಗಳನ್ನು ಒಪ್ಪಿಸಿದರು. ಪುರಂದರದಾಸರ ಪಟವನ್ನು ನೋಡದ ಕನ್ನಡಿಗರಿಲ್ಲವಷ್ಟೆ. ಹೆಗಲಿಗೆ ಒರಗಿದ ತಂಬೂರಿ, ಒಂದು ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ: ಆ ಚಿತ್ರವು ಒಬ್ಬನ ಮೇಳದ ಚಿತ್ರವೇ ಸರಿ. ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ನಮ್ಮ ಹಿರಿಯರು ಹೇಳುವುದುಂಟು. ದಾಸರು ತಾಯಿಯನ್ನು ಹೆಗಲ ಮೇಲೂ ತಂದೆಯನ್ನು ಕೈಕಾಲುಗಳಲ್ಲೂ ಇಟ್ಟುಕೊಂಡು ಹೊರಟವರು. ೧೯೭೦ರ ದಶಕದಲ್ಲಿ, ನಾನಿನ್ನೂ ಹುಡುಗನಾಗಿದ್ದಾಗ, ಶ್ರಾವಣದ ಶನಿವಾರಗಳಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ದಾಸಯ್ಯನೊಬ್ಬನ ಚಿಟಿಕೆಯ ಸದ್ದು ಇನ್ನೂ ಕಿವಿಯಲ್ಲಿದೆ. ಎರಡು ಮರದ ತುಂಡುಗಳು, ಅವುಗಳಲ್ಲಿ ಕೂರಿಸಿದ ಸಣ್ಣ ಲೋಹದ ಬಿಲ್ಲೆಗಳು. ಬೆರಳುಗಳು ಮಡಿಸಿ ಬಿಚ್ಚುವಷ್ಟರಲ್ಲಿ ತಾಳವು ಹೊರಡುತ್ತಿತ್ತು. ಅದನ್ನು ಕೇಳಿಯೇ ಹೆಂಗಸರು ಮೊರದಲ್ಲಿ ಅಕ್ಕಿಯನ್ನು ಹಿಡಿದು ಬಾಗಿಲಿಗೆ ಬರುತ್ತಿದ್ದರು.

ವಂಗದೇಶದ ಬಾವುಲರು ಇದೇ ಮಾರ್ಗದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ಕೈಯಲ್ಲಿ ಏಕತಾರಿಯನ್ನು ಎತ್ತಿ ಹಿಡಿದು ಅದೇ ಕೈಯ ಬೆರಳಿನಿಂದ ಮೀಟುತ್ತಾರೆ. ನಡುವಿಗೆ ಕಟ್ಟಿದ ‘ಡುಗ್ಗಿ’ ಎಂಬ ಪುಟ್ಟ ಮಡಕೆಯಂಥ ವಾದ್ಯವನ್ನು ಇನ್ನೊಂದು ಕೈಯಿಂದ ಬಡಿಯುತ್ತಾರೆ. ಕಾಲಿನ ಗೆಜ್ಜೆಗೆ ಕುಣಿತವೇ ಕೈಯಾಗುತ್ತದೆ. ತತ, ಅವನದ್ಧ, ಘನ ಮೂರೂ ಆಯಿತು. ಮೇಲೆ ಹಾಡು, ಹಾಡಿನ ಮೇಲೆ ನೃತ್ಯ. ಗೀತ, ವಾದ್ಯ, ನೃತ್ಯ ಮೂರೂ ಕೂಡಿದರೆ ಸಂಗೀತವೆಂದು ಶಾರ್ಙ್ಗದೇವನು ಮಾಡಿದ ಲಕ್ಷಣವನ್ನು, ಆ ಗ್ರಂಥದ ಹೆಸರನ್ನೂ ಕೇಳಿರದ ಬಡ ಬಾವುಲನು ಬೀದಿಯಲ್ಲಿ ನಿಂತು ಪೂರೈಸುತ್ತಾನೆ. ಬಾವುಲರ ಗಾನವನ್ನು ಯುನೆಸ್ಕೊ ಸಂಸ್ಥೆಯು ೨೦೦೫ರಲ್ಲಿ ಮಾನವಕುಲದ ಪರಂಪರೆಯ ಉತ್ಕೃಷ್ಟ ನಿಧಿಗಳಲ್ಲೊಂದೆಂದು ಸಾರಿ, ೨೦೦೮ರಲ್ಲಿ ತನ್ನ ಪಟ್ಟಿಯಲ್ಲಿ ಸೇರಿಸಿತು.

ಇನ್ನು ರಾಜಸ್ಥಾನದ ಭೋಪರ ವಿಷಯ. ಪಾಬೂಜಿಯೆಂಬ ವೀರನ ಕಥೆಯನ್ನು ಉದ್ದವಾದ ಬಟ್ಟೆಯ ಮೇಲೆ ಬರೆಯಿಸಿ, ರಾತ್ರಿಯ ಹೊತ್ತು ಅದನ್ನು ಊರಿನಲ್ಲಿ ಬಿಡಿಸಿ ನಿಲ್ಲಿಸಿ, ಚಿತ್ರದ ಮುಂದೆ ಹಾಡುವವರು ಇವರು. ಕೈಯಲ್ಲಿರುವುದು ರಾವಣಹತ್ಥ, ತೆಂಗಿನ ಚಿಪ್ಪು, ಬಿದಿರಿನ ದಂಡ, ಕುದುರೆಯ ಕೂದಲಿನ ತಂತಿ. ಇವರ ಜಾಣತನವೆಲ್ಲ ಆ ವಾದ್ಯದ ಕಮಾನಿನಲ್ಲಿದೆ. ಕಮಾನಿಗೆ ಗೆಜ್ಜೆಗಳನ್ನು ಕಟ್ಟಿರುತ್ತಾರೆ. ಎಳೆಯುವಾಗ ಮಣಿಕಟ್ಟನ್ನು ತುಸು ಜಗ್ಗಿದರೆ ಸಾಕು, ಸ್ವರದೊಡನೆಯೇ ತಾಳವೂ ಹೊರಡುತ್ತದೆ. ಒಂದೇ ಕೈಯ ಒಂದೇ ಚಲನೆಯಿಂದ ಇಬ್ಬರ ಕೆಲಸವಾಯಿತು. ಆದರೆ ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇಷ್ಟೆಲ್ಲ ವಾದ್ಯಗಳನ್ನು ಒಬ್ಬನೇ ನಿರ್ವಹಿಸಬಲ್ಲ ಭೋಪನು ಹಾಡುವುದಕ್ಕೆ ಮಾತ್ರ ಒಬ್ಬನೇ ನಿಲ್ಲುವುದಿಲ್ಲ. ಅವನ ಹೆಂಡತಿ ಭೋಪಿಯು ದೀಪವನ್ನು ಹಿಡಿದು, ಕಥೆ ಸಾಗಿದಂತೆಲ್ಲ ಚಿತ್ರದ ಆಯಾ ಭಾಗಕ್ಕೆ ಬೆಳಕು ತೋರುತ್ತ, ಅವನು ಬಿಟ್ಟ ಕಡೆಯಲ್ಲಿ ತಾನು ಹಾಡನ್ನು ಎತ್ತಿಕೊಳ್ಳುತ್ತಾಳೆ. ವಾದ್ಯಕ್ಕೆ ಜೊತೆಯಿಲ್ಲದಿದ್ದರೂ ನಡೆದೀತು, ಪದಕ್ಕೆ ಪ್ರತಿಪದ ಹೇಳುವವರು ಬೇಕು ಎಂಬುದನ್ನು ಅವರು ಬಲ್ಲರು.

ಯುರೋಪಿನವರು ಕೊಟ್ಟುಕೊಂಡ ಉತ್ತರವು ಬೇರೆ. ಅವರ ಹಳ್ಳಿಗಳಲ್ಲಿ ಮೇಳವು ಬೇಕಾಗಿದ್ದುದು ಕುಣಿತಕ್ಕೆ. ಕುಣಿಯುವವರಿಗೆ ಪದಕ್ಕಿಂತ ಮಟ್ಟು ಮುಖ್ಯ. ಆದ್ದರಿಂದ ಅವರು ಹಾಡನ್ನು ಬಿಟ್ಟು ಬಾಯಿಗೆ ಕೊಳಲನ್ನು ಕೊಟ್ಟರು. ಹದಿಮೂರನೆಯ ಶತಮಾನದಿಂದೀಚೆಗೆ ಅಲ್ಲಿನ ಚಿತ್ರಗಳಲ್ಲಿ ಇಂಥ ವಾದಕನು ಕಾಣಬರುತ್ತಾನೆ: ಎಡಗೈಯಲ್ಲಿ ಕೊಳಲು, ಅದೇ ಎಡತೋಳಿನಿಂದ ಇಳಿಬಿಟ್ಟ ಚಿಕ್ಕ ಮದ್ದಲೆ, ಬಲಗೈಯಲ್ಲಿ ಅದನ್ನು ಬಡಿಯುವ ಕಡ್ಡಿ. ಕೊಳಲಿಗೆ ಎರಡು ಕೈ ಬೇಕಲ್ಲವೆ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಈ ಕೊಳಲಿಗೆ ರಂಧ್ರಗಳು ಮೂರೇ. ತೋರುಬೆರಳಿಗೊಂದು, ನಡುಬೆರಳಿಗೊಂದು, ಹಿಂಬದಿಯಲ್ಲಿ ಹೆಬ್ಬೆರಳಿಗೊಂದು. ಉಳಿದೆರಡು ಬೆರಳುಗಳು ಕೊಳಲನ್ನು ಹಿಡಿದುಕೊಂಡಿರಬೇಕು.

ಮೂರು ರಂಧ್ರಗಳಿಂದ ಸಪ್ತಸ್ವರಗಳೂ ಹೇಗೆ ಬಂದಾವು? ಕೊಳವೆಯ ಧರ್ಮವೇ ಇದಕ್ಕೆ ಸಹಾಯ ಮಾಡುತ್ತದೆ. ರಂಧ್ರಗಳನ್ನೆಲ್ಲ ಮುಚ್ಚಿ ಮೆಲ್ಲನೆ ಊದಿದರೆ ಕೊಳವೆಯು ತನ್ನ ಆಧಾರಸ್ವರವನ್ನು ನುಡಿಯುತ್ತದೆ, ಅದನ್ನು ಷಡ್ಜವೆನ್ನೋಣ. ಉಸಿರನ್ನು ತುಸು ಬಲವಾಗಿ ಬಿಟ್ಟರೆ, ಬೆರಳನ್ನು ಕದಲಿಸದೆಯೇ, ಮೇಲಿನ ಷಡ್ಜಕ್ಕೆ ಹಾರುತ್ತದೆ. ಇನ್ನೂ ಬಲವಾಗಿ ಊದಿದರೆ ಅದರ ಮೇಲಿನ ಪಂಚಮ. ಇನ್ನೂ ಊದಿದರೆ ಅದಕ್ಕೂ ಮೇಲಿನ ಷಡ್ಜ. ಎರಡನೆಯ ಷಡ್ಜಕ್ಕೂ ಪಂಚಮಕ್ಕೂ ನಡುವೆ ತುಂಬಬೇಕಾದವು ರಿ, ಗ, ಮ ಮೂರೇ ಸ್ವರಗಳು. ಅವಕ್ಕೆ ಮೂರು ರಂಧ್ರಗಳು ಸಾಕು. ಪಂಚಮದಿಂದ ಮುಂದಿನ ಷಡ್ಜಕ್ಕೆ ಬೇಕಾದವು ದ, ನಿ ಎರಡೇ. ಹೀಗೆ ಉಸಿರು ಮೆಟ್ಟಲನ್ನು ಕಟ್ಟುತ್ತದೆ, ಬೆರಳು ಮೆಟ್ಟಲುಗಳ ನಡುವಣ ಜಾಗವನ್ನು ತುಂಬುತ್ತದೆ. ಸ್ಪೇನಿಗೂ ಫ್ರಾನ್ಸಿಗೂ ನಡುವೆ ಇರುವ ಬಾಸ್ಕ್ ಸೀಮೆಯವರು ಇದೇ ಜಾತಿಯ ‘ಚಿಸ್ತು’ ಎಂಬ ಕೊಳಲನ್ನು ಮದ್ದಲೆಯೊಡನೆ ಇಂದಿಗೂ ನುಡಿಸುತ್ತಾರೆ. ಇಂಗ್ಲೆಂಡಿನಲ್ಲಿ, ಹಿಂದೆ ಷೇಕ್ಸ್‌ಪಿಯರನ ನಾಟಕ ಮಂಡಲಿಯಲ್ಲಿದ್ದ ವಿದೂಷಕ ವಿಲ್ ಕೆಂಪ್ ಎಂಬುವನು ೧೬೦೦ರಲ್ಲಿ ಲಂಡನ್ನಿನಿಂದ ನಾರಿಚ್ ಪಟ್ಟಣದವರೆಗೆ ನೂರು ಮೈಲಿಗೆ ಮೀರಿದ ದಾರಿಯನ್ನು ಒಂಬತ್ತು ದಿನಗಳ ಕುಣಿತದಲ್ಲಿ, ನಡುನಡುವೆ ವಿಶ್ರಮಿಸುತ್ತ, ಕ್ರಮಿಸಿದನು. ಆ ದಾರಿಯುದ್ದಕ್ಕೂ ಅವನಿಗಿದ್ದ ಮೇಳವು ಇದೊಂದೇ: ಟಾಮಸ್ ಸ್ಲೈ ಎಂಬೊಬ್ಬನ ಎಡಗೈಯ ಕೊಳಲು, ಬಲಗೈಯ ಮದ್ದಲೆ. ಕುಣಿದವನ ಹೆಸರು ಪ್ರಸಿದ್ಧವಾಯಿತು. ಆ ದೂರವನ್ನೆಲ್ಲ ಊದುತ್ತ ಬಡಿಯುತ್ತ ನಡೆದವನನ್ನು ನೆನೆಯುವವರು ಕಡಮೆ.

ಅಂಗಗಳನ್ನು ಹಂಚಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಐವರಿಗೂ ಯಜಮಾನನಾದ ಮನಸ್ಸು ಒಂದೇ. ಅದು ಏಕಕಾಲದಲ್ಲಿ ಐದು ಕಡೆ ಇರಲಾರದು. ಇದನ್ನು ಓದುಗರು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದೇ ಅವಧಿಯಲ್ಲಿ ಬಲಗೈಯಿಂದ ಮೇಜಿನ ಮೇಲೆ ಮೂರು ಪೆಟ್ಟು, ಎಡಗೈಯಿಂದ ಎರಡು ಪೆಟ್ಟು ಸಮವಾಗಿ ಬೀಳುವಂತೆ ಹಾಕಿ ನೋಡಿರಿ. ಒಂದು ಕೈ ಇನ್ನೊಂದನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ನಿಶ್ಚಯ. ಅದಕ್ಕೆ ಉಪಾಯವಿದು: ಆರರವರೆಗೆ ಎಣಿಸಿರಿ, ಬಲಗೈಯು ೧, ೩, ೫ರಲ್ಲಿಯೂ ಎಡಗೈಯು ೧, ೪ರಲ್ಲಿಯೂ ಬೀಳಲಿ. ಮೊದಲು ನಿಧಾನವಾಗಿ, ಅನಂತರ ತುಸು ಬೇಗ. ನಾಲ್ಕೈದು ದಿನಗಳಲ್ಲಿ ಎಣಿಕೆಯು ತಾನಾಗಿಯೇ ಬಿಟ್ಟುಹೋಗಿ ಕೈಗಳು ತಮ್ಮ ಪಾಡಿಗೆ ತಾವು ನಡೆಯುತ್ತವೆ. ಮಕ್ಕಳಿಗೆ ಇದನ್ನು ಕಲಿಸಿದರೆ ದೊಡ್ಡವರಿಗಿಂತ ಬೇಗ ಕಲಿಯುವರು.

ಒಬ್ಬನ ಮೇಳದ ಗುಟ್ಟು ಇದರಲ್ಲಿಯೇ ಇದೆ. ಬಲ್ಲವನು ಎಲ್ಲ ಅಂಗಗಳಿಗೂ ಕಠಿನವಾದ ಕೆಲಸವನ್ನು ಕೊಡುವುದಿಲ್ಲ. ಕಾಲಿಗೆ ಅತ್ಯಂತ ಸರಳವಾದ, ಮೊದಲಿನಿಂದ ಕಡೆಯವರೆಗೆ ಬದಲಾಗದ ಕೆಲಸ. ಕೈಗೆ ಆಗಾಗ ಬದಲಾಗುವ ಕೆಲಸ. ಬಾಯಿಗೆ ಮಾತ್ರ ಕ್ಷಣಕ್ಷಣಕ್ಕೂ ಹೊಸದಾಗುವ ಕೆಲಸ. ಕೆಳಗಿನದು ಅಭ್ಯಾಸಬಲದಿಂದ ಮನಸ್ಸಿನ ಕೈ ತಪ್ಪಿ ದೇಹದ ಸ್ವತ್ತಾಗಬೇಕು. ಆಗ ಮನಸ್ಸು ಹಾಡಿಗೆ ಬಿಡುವಾಗುತ್ತದೆ. ವಾದ್ಯಗಳ ಸಂಖ್ಯೆಯನ್ನು ತೋರಿಸಿ ಬೆರಗುಗೊಳಿಸಬೇಕೆನ್ನುವವನು ಇದನ್ನು ಮರೆತು ಎಲ್ಲವನ್ನೂ ಒಟ್ಟಿಗೆ ಮೊಳಗಿಸುತ್ತಾನೆ. ಕೇಳುವವರಿಗೆ ಗದ್ದಲವೊಂದೇ ದಕ್ಕುತ್ತದೆ. ಹತ್ತು ವಾದ್ಯಗಳುಳ್ಳವನಿಗಿಂತ, ಮೂರನ್ನು ಇಟ್ಟುಕೊಂಡು ಒಂದನ್ನು ಯಾವಾಗ ಸುಮ್ಮನಿರಿಸಬೇಕೆಂಬುದನ್ನು ಅರಿತವನೇ ಮೇಲು.

ಈ ವಿದ್ಯೆಯಲ್ಲಿ ಕಳೆದ ಶತಮಾನದ ಅತ್ಯಂತ ಪ್ರಸಿದ್ಧ ಪುರುಷನು ಅಮೆರಿಕದ ಜೆಸ್ಸಿ ಫುಲ್ಲರ್. ಅವನು ೧೮೯೬ರಲ್ಲಿ ಜಾರ್ಜಿಯ ಸಂಸ್ಥಾನದ ಜೋನ್ಸ್‌ಬರೊ ಎಂಬ ಊರಿನಲ್ಲಿ ನೀಗ್ರೋ ಜನಾಂಗದ ಬಡ ಮನೆಯಲ್ಲಿ ಹುಟ್ಟಿದನು. ತಾಯಿಯು ಅವನನ್ನು ಚಿಕ್ಕಂದಿನಲ್ಲಿಯೇ ಬೇರೆಯವರ ಮನೆಗೆ ಒಪ್ಪಿಸಿದಳು. ಅಲ್ಲಿ ಅವನು ಪಟ್ಟ ಪಾಡು ಹೇಳತಕ್ಕದ್ದಲ್ಲ. ಅಲ್ಲಿಂದ ಹೊರಬಿದ್ದು ಊರೂರು ಅಲೆದು, ಸಿಕ್ಕಿದ ಕೂಲಿಯನ್ನೆಲ್ಲ ಮಾಡಿ, ಪಶ್ಚಿಮ ತೀರವನ್ನು ಸೇರಿದನು. ೧೯೨೪ರ ‘ದಿ ಥೀಫ್ ಆಫ್ ಬಾಗ್ದಾದ್’ ಎಂಬ ಮೂಕಿ ಚಿತ್ರದಲ್ಲಿ ಸಣ್ಣದೊಂದು ವೇಷವೂ ಅವನಿಗೆ ದೊರೆಯಿತು. ಕಡೆಗೆ ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ ನೆಲಸಿ ರೈಲ್ವೆಯಲ್ಲಿಯೂ, ಯುದ್ಧಕಾಲದಲ್ಲಿ ಹಡಗುಕಟ್ಟೆಯಲ್ಲಿಯೂ ದುಡಿದನು. ಸಂಗೀತದಿಂದಲೇ ಜೀವಿಸಬೇಕೆಂದು ಹೊರಟಾಗ ಅವನಿಗೆ ಐವತ್ತು ವರ್ಷ ಕಳೆದಿತ್ತು. ನಂಬಿಕೆಗೆ ತಕ್ಕ ಜೊತೆಗಾರರು ದೊರೆಯಲಿಲ್ಲ. ಆಗ ಅವನು ಜೊತೆಗಾರರನ್ನು ಹುಡುಕುವುದನ್ನು ಬಿಟ್ಟು, ಅವರನ್ನು ಮರದಿಂದಲೂ ತಂತಿಯಿಂದಲೂ ತಾನೇ ಮಾಡಿಕೊಂಡನು.

ಅವನು ಕಟ್ಟಿದ ವಾದ್ಯದ ಹೆಸರು ‘ಫಾಟ್‌ಡೆಲಾ’. ಕಾಲಿನಿಂದ ನುಡಿಸುವುದೆಂಬ ಅರ್ಥ ಹೊರಡುವಂತೆ ಅವನ ಹೆಂಡತಿ ಇಟ್ಟ ಹೆಸರಂತೆ. ಎತ್ತರವಾದ ಮರದ ಪೆಟ್ಟಿಗೆ, ಅದಕ್ಕೆ ಬಿಗಿದ ಪಿಯಾನೋ ಜಾತಿಯ ಆರು ದಪ್ಪ ತಂತಿಗಳು, ಒಂದೊಂದಕ್ಕೂ ಒಂದೊಂದು ಸುತ್ತಿಗೆ, ಸುತ್ತಿಗೆಗಳಿಗೆ ಜೋಡಿಸಿದ ಆರು ಕಾಲ್ಮೆಟ್ಟುಗಳು. ಬಲಗಾಲಿನಿಂದ ಮೆಟ್ಟಿದರೆ ಮಂದ್ರಸ್ವರವು ಗುಂಯ್‌ಗುಟ್ಟುತ್ತಿತ್ತು. ಎಡಗಾಲಿಗೆ ತಾಳ; ಕೈಗಳಿಗೆ ೧೨ ತಂತಿಗಳ ಗಿಟಾರು; ಕತ್ತಿಗೆ ತೊಡಿಸಿದ ಚೌಕಟ್ಟಿನಲ್ಲಿ ಬಾಯಿಗೆ ನಿಲುಕುವಂತೆ ಹಾರ್ಮೋನಿಕವೂ ಕಜೂ ಎಂಬ ಪೀಪಿಯೂ. ಹಾಡಿನ ಒಂದು ನುಡಿ ಮುಗಿದು ಇನ್ನೊಂದು ಮೊದಲಾಗುವುದರೊಳಗೆ ಅವನು ಮುಖವನ್ನು ತುಸು ಬಾಗಿಸಿ ಊದುತ್ತಿದ್ದನು. ಹಾಡಬೇಕೆ ಊದಬೇಕೆ ಎಂಬ ಹಳೆಯ ತೊಡಕಿಗೆ ಹೀಗೆ ಮೂರನೆಯ ಉತ್ತರವೊಂದು ದೊರೆಯಿತು: ಎರಡನ್ನೂ ಮಾಡು, ಆದರೆ ಸರದಿಯಲ್ಲಿ. ಸಾನ್‌ಫ್ರಾನ್ಸಿಸ್ಕೊ ಕೊಲ್ಲಿಯನ್ನು ಕುರಿತು ೧೯೫೪ರಲ್ಲಿ ಅವನು ಕಟ್ಟಿದ ಹಾಡೊಂದು ದೇಶದೇಶಗಳಲ್ಲಿ ಹಬ್ಬಿತು. ೧೯೯೨ರಲ್ಲಿ ಎರಿಕ್ ಕ್ಲಾಪ್ಟನ್ ಅದನ್ನು ಹಾಡಿದಾಗ ಹೊಸ ಪೀಳಿಗೆಯೂ ಅದನ್ನು ಕಲಿತಿತು. ಫುಲ್ಲರನು ೧೯೭೬ರಲ್ಲಿ ಓಕ್‌ಲೆಂಡಿನಲ್ಲಿಯೇ ತೀರಿಕೊಂಡನು.

ಇಂಗ್ಲೆಂಡಿನಲ್ಲಿ ಡಾನ್ ಪಾರ್ಟ್ರಿಜ್ (೧೯೪೧–೨೦೧೦) ಎಂಬುವನು ಬೆನ್ನಿಗೆ ನಗಾರಿಯನ್ನು ಕಟ್ಟಿಕೊಂಡು, ಅದನ್ನು ಬಡಿಯುವ ಕೋಲಿನ ಹುರಿಯನ್ನು ಕಾಲಿಗೆ ಕಟ್ಟಿಕೊಂಡು, ಲಂಡನ್ನಿನ ಬೀದಿಗಳಲ್ಲಿ ಹಾಡುತ್ತಿದ್ದನು. ೧೯೬೮ರಲ್ಲಿ ಅವನ ‘ರೋಸಿ’ ಎಂಬ ಹಾಡಿನ ತಟ್ಟೆಯು ಬಹಳ ಮಾರಾಟವಾಗಿ, ಬೀದಿಯ ಗಾಯಕನು ನಾಡಿಗೆಲ್ಲ ಪರಿಚಿತನಾದನು. ಆದರೂ ಲೋಕವು ಇಂಥವರನ್ನು ಹೆಚ್ಚಾಗಿ ಕಂಡಿರುವುದು ನಗೆಯ ವಸ್ತುವಾಗಿಯೇ. ೧೯೬೪ರ ‘ಮೇರಿ ಪಾಪಿನ್ಸ್’ ಚಿತ್ರದ ಆರಂಭದಲ್ಲಿ ಬರ್ಟ್ ಎಂಬ ಪಾತ್ರವು ವಾದ್ಯಗಳನ್ನೆಲ್ಲ ಹೊತ್ತು ಕುಣಿಯುವುದನ್ನು ನೋಡಿ ನಗದವರಿಲ್ಲ. ಚಲನಚಿತ್ರವು ಇನ್ನೂ ಶೈಶವದಲ್ಲಿದ್ದ ೧೯೦೦ರಲ್ಲಿಯೇ ಫ್ರಾನ್ಸಿನ ಜಾರ್ಜ್ ಮೆಲಿಯೆಸ್, ತಾನೊಬ್ಬನೇ ಏಳು ಜನರಾಗಿ ಏಳು ಕುರ್ಚಿಗಳ ಮೇಲೆ ಕುಳಿತು ಮೇಳವನ್ನು ನಡೆಸುವಂತೆ ಒಂದು ಕಿರುಚಿತ್ರವನ್ನು ತೆಗೆದನು. ಅದು ಛಾಯಾಗ್ರಹಣದ ಕೈಚಳಕ. ಬೀದಿಯವನಿಗೆ ಆ ಸೌಕರ್ಯವಿಲ್ಲ. ಅವನು ಏಳು ಜನರಾಗಬೇಕಾದರೆ ಒಂದೇ ಮೈಯಲ್ಲಿಯೇ ಆಗಬೇಕು.

ಈಗೀಗ ಆ ಸೌಕರ್ಯವೂ ಬಂದಿದೆ. ‘ಲೂಪ್ ಪೆಡಲ್’ ಎಂಬ ಯಂತ್ರವೊಂದನ್ನು ಕಾಲಡಿಯಲ್ಲಿ ಇಟ್ಟುಕೊಳ್ಳುತ್ತಾರೆ. ಒಮ್ಮೆ ಮೆಟ್ಟಿ, ಗಿಟಾರಿನ ಮೈಯನ್ನು ತಾಳಕ್ಕೆ ಬಡಿದು, ಮತ್ತೆ ಮೆಟ್ಟಿದರೆ, ಯಂತ್ರವು ಆ ಆವರ್ತವನ್ನು ನೆನಪಿಟ್ಟುಕೊಂಡು ತಿರುತಿರುಗಿ ನುಡಿಯುತ್ತದೆ. ಅದರ ಮೇಲೆ ತಂತಿಯ ಒಂದು ಆವರ್ತ, ಅದರ ಮೇಲೆ ಕಂಠದ್ದೊಂದು. ಹೀಗೆ ಗೋಡೆಯ ಮೇಲೆ ಇಟ್ಟಿಗೆಯ ವರಸೆಯಂತೆ ಮೇಳವು ಕೇಳುವವರ ಎದುರಿನಲ್ಲಿಯೇ ಏಳುತ್ತದೆ. ಇಂಗ್ಲೆಂಡಿನ ಎಡ್ ಶೀರನ್ ೨೦೧೫ರ ಜುಲೈ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಮೂರು ರಾತ್ರಿ, ಕಿಕ್ಕಿರಿದ ಜನಸಾಗರದ ಮುಂದೆ, ಗಿಟಾರನ್ನೂ ಈ ಯಂತ್ರವನ್ನೂ ಇಟ್ಟುಕೊಂಡು ಒಬ್ಬನೇ ನಿಂತು ಹಾಡಿದನು. ದೇಹದ ಅಭ್ಯಾಸವು ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಇಲ್ಲಿ ಯಂತ್ರದ ನೆನಪು ಮಾಡಿತು. ಇದರಲ್ಲಿ ಕಲೆಯಿಲ್ಲವೆಂದು ಹಳಿಯುವುದು ನ್ಯಾಯವಲ್ಲ. ಮೆಟ್ಟುವ ಕ್ಷಣವು ಕೂದಲೆಳೆಯಷ್ಟು ತಪ್ಪಿದರೂ ಆ ತಪ್ಪು ಪ್ರತಿಯೊಂದು ಆವರ್ತದಲ್ಲಿಯೂ ಮರಳಿ ಮರಳಿ ಬಂದು ಗಾಯಕನನ್ನು ಅಣಕಿಸುತ್ತದೆ.

ಆದರೆ ಕಾಲಿನಲ್ಲಾಗಲಿ ಯಂತ್ರದಲ್ಲಾಗಲಿ ಇಲ್ಲದಿರುವುದು ಒಂದುಂಟು. ನಮ್ಮ ಕಚೇರಿಯಲ್ಲಿ ಗಾಯಕನು ಹಾಡಿದುದನ್ನು ಪಿಟೀಲಿನವನು ಹಿಂದೆಯೇ ನುಡಿಸುತ್ತಾನೆ. ನುಡಿಸುವಾಗ ತನ್ನದೊಂದು ಸಣ್ಣ ತಿರುವನ್ನು ಸೇರಿಸುತ್ತಾನೆ. ಅದನ್ನು ಕೇಳಿ ಗಾಯಕನಿಗೆ ತಾನು ಎಣಿಸದಿದ್ದ ಹೊಸ ದಾರಿಯೊಂದು ತೋರುತ್ತದೆ. ಮೃದಂಗದವನು ತಲೆದೂಗಿದರೆ ಗಾಯಕನ ಎದೆಯು ಉಬ್ಬುತ್ತದೆ. ಗಾಯಕನು ಬಳಲಿದರೆ ತನಿ ಆವರ್ತನದಲ್ಲಿ ಮೃದಂಗದವನು ಹೊರೆಯನ್ನು ಹೊತ್ತು ಅವನಿಗೆ ಉಸಿರು ಕೊಡುತ್ತಾನೆ. ಒಬ್ಬನ ಮೇಳದಲ್ಲಿ ಹೀಗೆ ಹೊರೆ ಹೊರುವವರೂ ಇಲ್ಲ, ಭಲೆಯೆನ್ನುವವರೂ ಇಲ್ಲ. ಅವನ ಕಾಲು ಅವನಿಗೆ ಎಂದೂ ಹೊಸತೊಂದನ್ನು ಹೇಳುವುದಿಲ್ಲ. ಅವನು ನಿಂತರೆ ಮೇಳವೇ ನಿಂತಿತು. ಭೋಪನಿಗೆ ಭೋಪಿಯು ಏತಕ್ಕೆ ಬೇಕೆಂಬುದು ಈಗ ತಿಳಿಯುವುದು.

ಈಗ ಮೊದಲಲ್ಲಿ ಹೇಳಿದ ಪ್ರಶ್ನೆಗೆ ಬರೋಣ. ನಾವು ನೋಡಿದ ಇವರಲ್ಲಿ ಅನೇಕರು ಒಬ್ಬರೇ ಆದುದು ಹೆಮ್ಮೆಗಾಗಿ ಅಲ್ಲ. ಒಬ್ಬನಿಗೆ ಸಿಕ್ಕುವ ಭಿಕ್ಷೆ ನಾಲ್ವರಿಗೆ ಸಾಲದು. ಇನ್ನೊಬ್ಬನಿಗೆ ಜೊತೆಗಾರರು ದೊರೆಯಲಿಲ್ಲ. ಕೊರತೆಯನ್ನು ಅವರು ವಿದ್ಯೆಯಾಗಿ ಮಾರ್ಪಡಿಸಿಕೊಂಡರು. ಅದು ಅವರ ಹಿರಿಮೆ. ಆದರೆ ನೋಡುವ ನಾವು ವಿದ್ಯೆಯನ್ನು ಹೊಗಳುವ ಸಂಭ್ರಮದಲ್ಲಿ ಕೊರತೆಯನ್ನು ಮರೆಯುತ್ತೇವೆ.

ಇಂಥದೊಂದು ಮೇಳವು ನಮ್ಮ ಮನೆಗಳಲ್ಲಿಯೇ ಬಹುಕಾಲ ನಡೆಯಿತು. ಬೆಳಗಿನ ಜಾವದಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳನ್ನು ನೆನೆಯಿರಿ. ಬಲಗೈಯಲ್ಲಿ ಕಲ್ಲಿನ ಗೂಟ, ಎಡಗೈಯಲ್ಲಿ ಕಲ್ಲಿನ ಬಾಯಿಗೆ ಹಾಕುವ ರಾಗಿ, ಕಾಲಿನ ಬೆರಳಿಗೆ ಸಿಕ್ಕಿಸಿದ ತೊಟ್ಟಿಲ ಹಗ್ಗ, ಬಾಯಲ್ಲಿ ತ್ರಿಪದಿ. ಕಲ್ಲಿನ ಗುಡುಗು ಶ್ರುತಿ, ಕೈಬಳೆಗಳ ಸದ್ದು ತಾಳ. ಭರತನ ಶಾಸ್ತ್ರಕ್ಕೆ ಸಿಕ್ಕದ ಈ ಮೇಳದಲ್ಲಿ ಹುಟ್ಟಿದ ಪದಗಳು ಎಂಥವೆಂಬುದನ್ನು, ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ಸಂಗ್ರಹಿಸಿ ಅಚ್ಚು ಹಾಕಿಸಿದಾಗ ವಿದ್ವಾಂಸರೂ ಅರಿತು ಬೆರಗಾದರು. ಬೀಸುವ ಕಲ್ಲು ಇಬ್ಬರು ಎದುರುಬದುರಾಗಿ ಕುಳಿತು ಬೀಸಲೂ ತಕ್ಕದ್ದು. ಅತ್ತಿಗೆಯೋ ನಾದಿನಿಯೋ ಎದುರಿಗೆ ಕುಳಿತರೆ ಹೊರೆಯು ಅರ್ಧವಾಗುತ್ತಿತ್ತು. ಒಬ್ಬಳು ಬಿಟ್ಟ ಪದವನ್ನು ಇನ್ನೊಬ್ಬಳು ಎತ್ತುತ್ತಿದ್ದಳು. ಎದುರಿನ ಮಣೆ ಬರಿದಾಗಿದ್ದ ದಿನ ಅವಳು ಏಕಲಳಾಗುತ್ತಿದ್ದಳು. ಹೊರಗೆ ಮಲಗಿದ್ದ ಗಂಡಸರು ಅರೆನಿದ್ದೆಯಲ್ಲಿ ಆ ಹಾಡನ್ನು ಕೇಳಿ, ಎಷ್ಟು ಇಂಪಾಗಿದೆಯೆಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು.

ಹಿಟ್ಟಿನ ಗಿರಣಿಗಳು ಬಂದು ಬೀಸುವ ಕಲ್ಲು ಮೂಲೆಗೆ ಸೇರಿತು. ಏಕಲರು ಮಾತ್ರ ಮನೆಯಿಂದ ಹೋಗಲಿಲ್ಲ. ಒಲೆಯ ಮೇಲೆ ಹಾಲು, ಕಿವಿಗೆ ದೂರವಾಣಿ, ಸೊಂಟದಲ್ಲಿ ಮಗು, ಕಚೇರಿಗೆ ಹೊರಡುವ ಹೊತ್ತು. ಇಷ್ಟನ್ನೂ ಒಂದೇ ಮೈಯಲ್ಲಿ ನಡೆಸುವ ಗೃಹಿಣಿಯರು ನಮ್ಮಲ್ಲಿ ಮನೆಮನೆಗೂ ಉಂಟು. ಹಾಸಿಗೆ ಹಿಡಿದ ಹೆಂಡತಿಯ ಶುಶ್ರೂಷೆಯನ್ನೂ ಅಡಿಗೆಯನ್ನೂ ತಾವೇ ಮಾಡಿಕೊಳ್ಳುವ ಮುದುಕರೂ ಉಂಟು. ‘ಅವರಿಗೆ ಯಾರ ಸಹಾಯವೂ ಬೇಡ, ಎಲ್ಲವನ್ನೂ ಒಬ್ಬರೇ ನಿಭಾಯಿಸುತ್ತಾರೆ’ ಎಂದು ನಾವು ಬಂಧುಗಳ ಮುಂದೆ ಹೇಳಿಕೊಳ್ಳುತ್ತೇವೆ. ಆ ಮಾತು ಹೊಗಳಿಕೆಯೂ ಹೌದು. ಎಷ್ಟೋ ಸಲ, ಕೈಕಟ್ಟಿ ಕುಳಿತುಕೊಳ್ಳುವುದಕ್ಕೆ ನಾವು ಪಡೆದುಕೊಳ್ಳುವ ಅಪ್ಪಣೆಯೂ ಹೌದು. ಐದು ಅಂಗಗಳಿಗೂ ಕೆಲಸವನ್ನು ಕಟ್ಟಿಕೊಂಡವರು ಸಹಾಯಕ್ಕೆಂದು ಕೈಚಾಚಬೇಕಾದರೆ, ಚಾಚುವುದಕ್ಕೆ ಅವರಿಗೆ ಕೈಯೇ ಬಿಡುವಿಲ್ಲ. ಅದನ್ನು ನೋಡುವವರೇ ಅರಿಯಬೇಕು.

ಹಾಗೆಂದು ನುರಿತವರ ಕೈಯಿಂದ ವಾದ್ಯವನ್ನು ಕಿತ್ತುಕೊಳ್ಳಬೇಕಾದುದಿಲ್ಲ. ಅಭ್ಯಾಸವಿಲ್ಲದವನು ನಡುವೆ ನುಗ್ಗಿ ನಗಾರಿಯನ್ನು ಬಡಿದರೆ ಇದ್ದ ಮೇಳವೂ ಕೆಡುತ್ತದೆ. ಸರಳವಾದುದನ್ನು, ಬದಲಾಗದುದನ್ನು, ಕಾಲಿನ ಪಾಲಿಗೆ ಬಿದ್ದ ಕೆಲಸವನ್ನು ಮೊದಲು ಕೇಳಿ ತೆಗೆದುಕೊಳ್ಳಬಹುದು: ದಿನವೂ ನೀರು ಹಿಡಿಯುವುದು, ಮಗುವನ್ನು ಶಾಲೆಗೆ ಬಿಡುವುದು, ಔಷಧದ ವೇಳೆಯನ್ನು ನೆನಪಿಡುವುದು. ಅಷ್ಟರಿಂದಲೇ ಅವರ ಮನಸ್ಸು ತಮ್ಮ ಹಾಡಿಗೆ ಬಿಡುವಾಗುತ್ತದೆ. ಜಾತ್ರೆಯಲ್ಲೋ ಪೇಟೆಯ ಬೀದಿಯಲ್ಲೋ ಒಬ್ಬನೇ ಮೇಳ ಕಟ್ಟಿ ಹಾಡುವವನು ಕಂ꠰ಡರೂ ಹೀಗೆಯೇ. ಕಾಸನ್ನು ಹಾಕಿರಿ, ಹಾಕಿದೊಡನೆ ಹೊರಟುಬಿಡಬೇಡಿರಿ. ಹಾಡು ಮುಗಿಯುವವರೆಗೆ ನಿಂತು, ಕೈಯಲ್ಲಿ ಮೆಲ್ಲನೆ ತಾಳ ಹಾಕಿರಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಗೂ ಹಾಕುವುದಕ್ಕೆ ಹೇಳಿರಿ.